ಮರಕಾನಾದ ಜೆರಾಲ್: ಹುಲ್ಲಿಗೆ ಹತ್ತಿರ ಯಾರು ನಿಲ್ಲಬೇಕು?

ಹಲಸೂರು ಹತ್ತು

ಎಲ್ಲರಿಗೂ ನಮಸ್ಕಾರ. ಆಫೀಸ್ ಕೆಲಸದ ಮೇಲೆ ರಿಯೋ ಡಿ ಜನೈರೋಗೆ ಹೋಗಿ ಈಗಷ್ಟೇ ವಾಪಸ್ ಬಂದೆ. ಅಲ್ಲಿ ಒಂದು ದಿನ ಬಿಡುವಿತ್ತು. ಸಮುದ್ರದ ದಂಡೆಗೆ ಹೋಗಲಿಲ್ಲ, ಬೆಟ್ಟದ ಮೇಲಿನ ಏಸುವಿನ ಪ್ರತಿಮೆ ನೋಡಲೂ ಹೋಗಲಿಲ್ಲ. ಮೆಟ್ರೋ ಹತ್ತಿ ನೇರವಾಗಿ ಮರಕಾನಾ ಫುಟ್‌ಬಾಲ್ ಕ್ರೀಡಾಂಗಣದ ಸ್ಟೇಷನ್‌ನಲ್ಲಿ ಇಳಿದೆ.

ನಾನು ಬೆಳೆದಿದ್ದು ಹಲಸೂರಿನ ಪಕ್ಕದ ಗೌತಮಪುರದಲ್ಲಿ. ಅಲ್ಲಿ ಪೆಲೆಯ ಪ್ರತಿಮೆ ಇದೆ. ವಿಶ್ವಕಪ್ ಬಂದರೆ ಬೀದಿಗೆ ಬೀದಿಯೇ ಹಳದಿ, ಹಸಿರು. ನಮ್ಮ ಮಾವ ಚಿಕ್ಕಂದಿನಿಂದ ನನಗೆ ಹೇಳಿದ ಕಥೆ ಒಂದೇ: 1969ರ ನವೆಂಬರ್ 19, ಮರಕಾನಾ, ಸಾಂಟೋಸ್ ಮತ್ತು ವಾಸ್ಕೊ ಪಂದ್ಯ, ಪೆನಾಲ್ಟಿ, ಪೆಲೆಯ ಸಾವಿರನೇ ಗೋಲು. ಗೋಲಿ ಅಂದ್ರಾದಾ ಸರಿಯಾದ ಕಡೆಗೇ ಹಾರಿದ್ದ, ಆದರೂ ಚೆಂಡು ಒಳಗೆ ಹೋಯಿತು. ಈ ಕಥೆಯನ್ನು ನಾನು ನೂರು ಸಲವಾದರೂ ಕೇಳಿದ್ದೇನೆ. ಹಾಗಾಗಿ ಒಳಗೆ ಕಾಲಿಟ್ಟಾಗ ಕಣ್ಣು ತುಂಬಿ ಬಂತು.

ಒಳಗೆ ಎಲ್ಲವೂ ಚೊಕ್ಕಟವಾಗಿದೆ. ಹಳದಿ, ನೀಲಿ, ಬಿಳಿ ಕುರ್ಚಿಗಳು. ಮೇಲೆ ಬೆಳ್ಳಗಿನ ಹಗುರ ಛಾವಣಿ. ನಮ್ಮ ಗುಂಪಿನಲ್ಲಿ ಅದೇ ಊರಿನ ಒಬ್ಬ ಹಿರಿಯರು ಮೊಮ್ಮಗನನ್ನು ಕರೆದುಕೊಂಡು ಬಂದಿದ್ದರು. ಅವರು ಹುಲ್ಲಿಗೆ ತೀರಾ ಹತ್ತಿರದ ಕುರ್ಚಿಗಳ ಸಾಲನ್ನು ತೋರಿಸಿ ಏನೋ ಹೇಳಿದರು. ಗೈಡ್ ಹುಡುಗಿ ಅದನ್ನು ಇಂಗ್ಲಿಷ್‌ನಲ್ಲಿ ಹೇಳಿದಳು. "ಇಲ್ಲಿ ಆಗ ಕುರ್ಚಿ ಇರಲಿಲ್ಲ. ನಾನು ನಿಂತು ನೋಡುತ್ತಿದ್ದೆ. ಆ ಕಡೆಯ ಗೋಲು ಕಾಣುತ್ತಿರಲಿಲ್ಲ. ಮೇಲಿನವರು ಕೂಗಿದರೆ ಗೋಲಾಯಿತು ಅಂತ ಗೊತ್ತಾಗುತ್ತಿತ್ತು." ಅಷ್ಟು ಹೇಳಿ ಅವರು ಒಂದು ಕುರ್ಚಿಯ ಬೆನ್ನನ್ನು ಮುಟ್ಟಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು.

ಅವರು ನಿಲ್ಲುತ್ತಿದ್ದ ಜಾಗಕ್ಕೆ ಜೆರಾಲ್ ಅಂತ ಹೆಸರು. ಅತಿ ಕಡಿಮೆ ದುಡ್ಡಿನ ಟಿಕೆಟ್. ಈಗ ಅದು ಇಲ್ಲ. ಒಂದು ಕಾಲಕ್ಕೆ ಹತ್ತಿರ ಹತ್ತಿರ 2 ಲಕ್ಷ ಜನ ಹಿಡಿಸಿದ ಕ್ರೀಡಾಂಗಣದಲ್ಲಿ 2013ರ ಮರುನಿರ್ಮಾಣದ ನಂತರ 78,838 ಆಸನಗಳು. ಅಂದಿನಿಂದ ಇದೇ ಯೋಚನೆ ನನಗೆ. ಇದು ಅದೇ ಮರಕಾನಾನಾ? ಬದಲಾಯಿಸಿದ್ದು ಸರಿಯಾ? ಕಟ್ಟಡದ ಬಗ್ಗೆ, ಇತಿಹಾಸದ ಬಗ್ಗೆ ತಿಳಿದವರು ದಯವಿಟ್ಟು ಬರೆಯಿರಿ.

ಸೆಂಟ್ರಿಂಗ್ ಸಿದ್ದ

ಹತ್ತು ಅವರೇ, ಒಳ್ಳೆ ಪ್ರಶ್ನೆ. ನಾನು ಸೈಟಿನಲ್ಲಿ ಕೆಲಸ ಮಾಡುವವನು, ಕಾಂಕ್ರೀಟಿನ ಕಡೆಯಿಂದ ಹೇಳುತ್ತೇನೆ.

ಹಳೆಯ ಮರಕಾನಾ ಮೊಟ್ಟೆಯಾಕಾರ. ಉದ್ದ 317 ಮೀಟರ್, ಅಗಲ 279 ಮೀಟರ್, ಎತ್ತರ 32 ಮೀಟರ್. ಅಂದರೆ ಸುಮಾರು ಹತ್ತು ಮಹಡಿಯ ಎತ್ತರ, ಆದರೆ ಅಗಾಧ ಹರವು. ಇದೇ ಅದರ ಗುಟ್ಟು. ಎತ್ತರಕ್ಕೆ ಏರಿಸದೆ ಅಗಲಕ್ಕೆ ಹರಡಿದರು. ಹೊರಗಿನಿಂದ ನೋಡಿದರೆ ಅಂಥಾ ದೊಡ್ಡದು ಅನ್ನಿಸುವುದಿಲ್ಲ. ಒಳಗೆ ಹೋದ ಮೇಲೆ ಗೊತ್ತಾಗುತ್ತದೆ.

ಅದರ ಛಾವಣಿ ಹೇಗೆ ನಿಂತಿತ್ತು ಗೊತ್ತಾ? ನಮ್ಮ ಮನೆ ಕಿಟಕಿಯ ಮೇಲೆ ಸಜ್ಜಾ ಇರುತ್ತದಲ್ಲ, ಒಂದು ಕಡೆ ಗೋಡೆಗೆ ಹಿಡಿದುಕೊಂಡು ಇನ್ನೊಂದು ಕಡೆ ಆಸರೆ ಇಲ್ಲದೆ ಚಾಚಿರುತ್ತದಲ್ಲ, ಅದೇ ಲೆಕ್ಕ. ಆ ಸಜ್ಜಾವನ್ನೇ ಇಡೀ ಕ್ರೀಡಾಂಗಣದ ಸುತ್ತ ದೊಡ್ಡದಾಗಿ ಕಟ್ಟಿದರು ಅಂದುಕೊಳ್ಳಿ. ಮುಂದೆ ಒಂದೂ ಕಂಬ ಇಲ್ಲ. ಆಗಿನ ಬಹಳಷ್ಟು ಕ್ರೀಡಾಂಗಣಗಳಲ್ಲಿ ಛಾವಣಿ ಹೊರಲು ಪ್ರೇಕ್ಷಕರ ಮಧ್ಯೆ ಕಂಬಗಳಿರುತ್ತಿದ್ದವು. ನಿಮ್ಮ ಸೀಟು ಕಂಬದ ಹಿಂದೆ ಬಂದರೆ ಅರ್ಧ ಆಟ ಹೋಯಿತು. ಮರಕಾನಾದಲ್ಲಿ ಆ ತೊಂದರೆ ಇರಲಿಲ್ಲ. 1948ರಿಂದ 1950ರ ನಡುವೆ, ಇವತ್ತಿನ ಕಂಪ್ಯೂಟರ್ ಲೆಕ್ಕಾಚಾರ ಇಲ್ಲದ ದಿನಗಳಲ್ಲಿ, ಇಂಥದ್ದನ್ನು ಕಟ್ಟಿ ನಿಲ್ಲಿಸಿದ್ದು ನನ್ನ ಪಾಲಿಗೆ ದೊಡ್ಡ ವಿಷಯ. ಅಷ್ಟು ಸಜ್ಜಾಗೆ ಸೆಂಟ್ರಿಂಗ್ ಹೊಡೆದ ಬಡಗಿಗಳನ್ನು ನೆನೆದರೆ ನನಗೆ ಮೈ ಜುಂ ಅನ್ನುತ್ತದೆ.

ಒಳಗೆ ಎರಡು ಸುತ್ತಿನ ಗ್ಯಾಲರಿ. ಮೇಲಿನ ಸುತ್ತು ಬರೀ ಕಾಂಕ್ರೀಟ್ ಮೆಟ್ಟಿಲು, ಅದರ ಮೇಲೇ ಕೂರಬೇಕು. ಕೆಳಗಿನ ಸುತ್ತಿನಲ್ಲಿ ಕುರ್ಚಿ. ಅದಕ್ಕೂ ಕೆಳಗೆ, ಮೈದಾನದ ಸುತ್ತ, ನಿಮ್ಮ ಹಿರಿಯರು ಹೇಳಿದ ಜೆರಾಲ್. ಅಲ್ಲಿಗೆ ನೆರಳೂ ಇಲ್ಲ, ಮಳೆಗೆ ಮರೆಯೂ ಇಲ್ಲ. ಅಲ್ಲಿಂದ ಮೈದಾನಕ್ಕೆ ನುಗ್ಗದಂತೆ ಒಂದು ಕಂದಕ.

ದೂರದ ಗೋಲು ಕಾಣುತ್ತಿರಲಿಲ್ಲ ಅಂದರಲ್ಲ, ಅದು ನಿಜವಿರಬೇಕು. ಗ್ಯಾಲರಿ ಕಟ್ಟುವಾಗ ಮೊದಲ ಲೆಕ್ಕ ಅದೇ. ಹಿಂದಿನವನ ಕಣ್ಣಿನ ಗೆರೆ ಮುಂದಿನವನ ತಲೆ ದಾಟಿ ಹೋಗಬೇಕು. ಅದಕ್ಕೆ ಪ್ರತಿ ಸಾಲೂ ಸ್ವಲ್ಪ ಏರಬೇಕು. ಜೆರಾಲ್‌ನಲ್ಲಿ ಆ ಏರು ಇರಲೇ ಇಲ್ಲ ಅನ್ನಬಹುದು. ಹಾಗಾಗಿ ಅಲ್ಲಿ ನಿಂತವರಿಗೆ ಆಟಕ್ಕಿಂತ ಆಟಗಾರರು ಜಾಸ್ತಿ ಕಾಣುತ್ತಿದ್ದರು. ಹತ್ತಿರ ಬಂದಾಗ ಬೆವರೂ ಕಾಣುತ್ತದೆ, ಬೈಗುಳವೂ ಕೇಳುತ್ತದೆ. ದೂರ ಹೋದರೆ ಏನೂ ಇಲ್ಲ.

ಹಳೇ ಪೇಪರ್

ಅದು ಅಲ್ಲಿಗೇ ಹೇಗೆ ಬಂತು ಅನ್ನುವುದನ್ನು ನಾನು ಸೇರಿಸುತ್ತೇನೆ. ನಿವೃತ್ತನಾದ ಮೇಲೆ ಇಂಥದ್ದನ್ನು ಓದುವುದೇ ನನ್ನ ಕೆಲಸ.

ಆ ಜಾಗ ಮೊದಲು ಕುದುರೆ ರೇಸಿನ ಮೈದಾನವಾಗಿತ್ತು, ಡರ್ಬಿ ಕ್ಲಬ್‌ನದು. 1950ರ ವಿಶ್ವಕಪ್ ಬ್ರೆಜಿಲ್‌ಗೆ ಸಿಕ್ಕಾಗ ರಿಯೋ ದೇಶದ ರಾಜಧಾನಿ. ದೊಡ್ಡ ಕ್ರೀಡಾಂಗಣ ಬೇಕು, ಎಲ್ಲಿ ಕಟ್ಟಬೇಕು ಅನ್ನುವ ಜಗಳ ಶುರುವಾಯಿತು. ಕಾರ್ಲೋಸ್ ಲಸೆರ್ದಾ ಎಂಬ ರಾಜಕಾರಣಿ ಇಷ್ಟು ಖರ್ಚೇ ಬೇಡ ಅಂದ. ಕಟ್ಟುವುದಾದರೆ ಊರಾಚೆ ಪಶ್ಚಿಮಕ್ಕೆ, ಜಕಾರೆಪಗುವಾದಲ್ಲಿ ಕಟ್ಟಿ ಅಂದ. ಅದಕ್ಕೆ ಎದುರು ನಿಂತವರು ಪತ್ರಕರ್ತ ಮಾರಿಯೊ ಫಿಲ್ಯೋ. ಅವರದೇ ಒಂದು ಕ್ರೀಡಾ ಪತ್ರಿಕೆ ಇತ್ತು. ಊರಿನ ನಡುವೆ, ಎಲ್ಲಾ ಬಡಾವಣೆಯ ಜನ ರೈಲಿನಲ್ಲಿ ಬಂದು ಇಳಿಯುವಂಥ ಕಡೆ ಇರಬೇಕು ಅಂತ ಅವರು ಬರೆದೇ ಬರೆದರು. ಕೊನೆಗೆ ಅವರ ಮಾತು ಗೆದ್ದಿತು. 1948ರ ಆಗಸ್ಟ್ 2ರಂದು ಕೆಲಸ ಶುರು. 1950ರ ಜೂನ್ 16ರಂದು ಮೊದಲ ಪಂದ್ಯ, ರಿಯೋ ಮತ್ತು ಸಾವೊ ಪೌಲೊ ತಂಡಗಳ ನಡುವೆ. ಮೊದಲ ಗೋಲು ಹೊಡೆದದ್ದು ರಿಯೋದ ದಿದಿ, ಪಂದ್ಯ ಗೆದ್ದದ್ದು ಮಾತ್ರ ಸಾವೊ ಪೌಲೊ, 3-1ರಿಂದ. ಆಗಿನ್ನೂ ಕಟ್ಟಡದ ಕೆಲಸ ಮುಗಿದಿರಲಿಲ್ಲ. ಪೂರ್ತಿ ಮುಗಿದದ್ದು 1965ರಲ್ಲಿ!

1966ರಲ್ಲಿ ಫಿಲ್ಯೋ ತೀರಿಕೊಂಡರು. ಕ್ರೀಡಾಂಗಣಕ್ಕೆ ಅವರ ಹೆಸರನ್ನೇ ಇಟ್ಟರು. ಕಾಗದಪತ್ರದಲ್ಲಿ ಇವತ್ತಿಗೂ ಅದು ಪತ್ರಕರ್ತ ಮಾರಿಯೊ ಫಿಲ್ಯೋ ಕ್ರೀಡಾಂಗಣ. 2021ರಲ್ಲಿ ಪೆಲೆಯ ಹೆಸರಿಡಬೇಕು ಅಂತ ರಾಜ್ಯದ ಶಾಸನಸಭೆ ಒಪ್ಪಿತ್ತು. ಜನರ ವಿರೋಧ ಬಂತು, ಗವರ್ನರ್ ಅದನ್ನು ತಡೆದರು. ಒಬ್ಬ ಪತ್ರಕರ್ತನ ಹೆಸರು ಪೆಲೆಯ ಹೆಸರಿನ ಎದುರೂ ಉಳಿಯಿತು ಅನ್ನುವುದು ನನಗೆ ತುಂಬಾ ಇಷ್ಟವಾದ ವಿಷಯ.

ಮರಕಾನಾ ಅನ್ನುವುದು ಪಕ್ಕದಲ್ಲಿ ಹರಿಯುವ ಸಣ್ಣ ನದಿಯ ಹೆಸರು. ಅದು ಅಲ್ಲಿನ ಮೂಲನಿವಾಸಿಗಳ ತುಪಿ ಭಾಷೆಯ ಮಾತು. ಒಂದು ಜಾತಿಯ ಗಿಳಿಗೆ ಆ ಹೆಸರು.

ಉಳ್ಳಾಲದ ಗಾಳಿ

ಒಂದು ಸಣ್ಣ ಪ್ರಶ್ನೆ. 1950ರಲ್ಲಿ ಭಾರತ ಬರಿಗಾಲಲ್ಲಿ ಆಡಲು ಬಿಡಲಿಲ್ಲ ಅಂತ ಮರಕಾನಾಗೆ ಹೋಗಲಿಲ್ಲ ಅಂತಾರಲ್ಲ, ನಿಜಾನಾ ಸರ್?

ಹಳೇ ಪೇಪರ್

ಭಾರತಕ್ಕೆ ಜಾಗ ಸಿಕ್ಕಿದ್ದು ನಿಜಮ್ಮಾ. ನಮ್ಮ ಗುಂಪಿನ ಬರ್ಮಾ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಹಿಂದೆ ಸರಿದವು, ಹಾಗಾಗಿ ಆಡದೆಯೇ ಅರ್ಹತೆ ಬಂತು. ಆಮೇಲೆ ನಾವೂ ಹೋಗಲಿಲ್ಲ. ಬರಿಗಾಲಿನ ಕಥೆ ಕೇಳಲು ಚೆಂದ, ಆದರೆ ಅದೊಂದೇ ಕಾರಣ ಅಲ್ಲ. ಅಭ್ಯಾಸಕ್ಕೆ ಸಮಯ ಸಾಲದು, ತಂಡದ ಆಯ್ಕೆಯಲ್ಲಿ ಒಮ್ಮತ ಇಲ್ಲ ಅಂತ ಆಗಿನ ಸಂಸ್ಥೆ ಹೇಳಿತ್ತು. ಒಲಿಂಪಿಕ್ಸನ್ನೇ ದೊಡ್ಡದು ಅಂದುಕೊಂಡಿದ್ದ ಕಾಲ ಅದು.

ಇನ್ನೊಂದು ಮಾತು. ಹೋಗಿದ್ದರೂ ಮೊದಲ ಸುತ್ತನ್ನು ಮರಕಾನಾದಲ್ಲಿ ಆಡುತ್ತಿರಲಿಲ್ಲ. ನಮ್ಮನ್ನು ಹಾಕಿದ್ದು ಇಟಲಿ, ಸ್ವೀಡನ್, ಪರಾಗ್ವೆ ಜೊತೆ. ಆ ಗುಂಪಿನ ಪಂದ್ಯಗಳು ನಡೆದದ್ದು ಸಾವೊ ಪೌಲೊ ಮತ್ತು ಕುರಿತಿಬಾದಲ್ಲಿ. ಹೋಗಿದ್ದರೆ ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಆ ನೆಲದಲ್ಲಿ ಆಡುತ್ತಿದ್ದರೇನೋ ಅನ್ನುವ ಸಂಕಟ ನನಗೆ ಇವತ್ತಿಗೂ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು 2-1ರಲ್ಲಿ ಸೋತ ತಂಡದಲ್ಲಿ ಅವರೂ ಇದ್ದರು.

ಉಳ್ಳಾಲದ ಗಾಳಿ

ಧನ್ಯವಾದ ಸರ್. ನಾನು ಕಾಲೇಜು ತಂಡಕ್ಕೆ ಗೋಲಿ ಆಗಿದ್ದವಳು. ಮರಕಾನಾ ಅಂದರೆ ನನಗೆ ಪೆಲೆ ನೆನಪಾಗುವುದಿಲ್ಲ. 1950ರ ಬ್ರೆಜಿಲ್ ತಂಡದ ಗೋಲಿ ಬಾರ್ಬೋಸಾ ನೆನಪಾಗುತ್ತಾರೆ. ಅವರ ಬಗ್ಗೆ ಇಲ್ಲಿ ಯಾರಾದರೂ ಬರೆಯಲೇಬೇಕು, ಹಾಗಾಗಿ ನಾನೇ ಬರೆಯುತ್ತೇನೆ.

1950ರ ಜುಲೈ 16. ಬ್ರೆಜಿಲ್ ಮತ್ತು ಉರುಗ್ವೆ. ಲೆಕ್ಕಕ್ಕೆ ಅದು ಫೈನಲ್ ಅಲ್ಲ, ನಾಲ್ಕು ತಂಡಗಳ ಕೊನೆಯ ಸುತ್ತಿನ ಕೊನೆಯ ಪಂದ್ಯ. ಬ್ರೆಜಿಲ್ ಅದಾಗಲೇ ಸ್ವೀಡನ್‌ಗೆ 7, ಸ್ಪೇನ್‌ಗೆ 6 ಗೋಲು ಹೊಡೆದಿತ್ತು. ಡ್ರಾ ಆದರೂ ಕಪ್ ಅವರದೇ. ಟಿಕೆಟ್ ಕೊಂಡು ಬಂದವರೇ 1,73,850. ಒಟ್ಟು 2 ಲಕ್ಷದ ಹತ್ತಿರ ಇತ್ತು ಅಂತ ಲೆಕ್ಕ. ರಿಯೋದ ಜನಸಂಖ್ಯೆ ಆಗ ಸುಮಾರು 24 ಲಕ್ಷ. ಅಂದರೆ ಊರಿನ ಹನ್ನೆರಡು ಜನಕ್ಕೆ ಒಬ್ಬರಂತೆ ಅಲ್ಲಿದ್ದರು ಅಂತಾಯಿತು.

ವಿರಾಮದ ನಂತರ ಫ್ರಿಯಾಸಾ ಗೋಲು ಹೊಡೆದ. ಬ್ರೆಜಿಲ್ ಮುಂದೆ. 66ನೇ ನಿಮಿಷಕ್ಕೆ ಸ್ಕಿಯಾಫಿನೋ ಸಮ ಮಾಡಿದ. ಆಗಲೂ ಕಪ್ ಬ್ರೆಜಿಲ್‌ನದೇ. 79ನೇ ನಿಮಿಷ. ಬಲಗಡೆಯಿಂದ ಗಿಜ್ಜಿಯಾ ನುಗ್ಗಿ ಬಂದ. ಉರುಗ್ವೆಯ ಮೊದಲ ಗೋಲಿಗೆ ಅವನು ಅದೇ ಕಡೆಯಿಂದ ಒಳಕ್ಕೆ ಪಾಸ್ ಕೊಟ್ಟಿದ್ದ. ಬಾರ್ಬೋಸಾ ಮತ್ತೆ ಪಾಸ್ ಬರುತ್ತದೆ ಅಂದುಕೊಂಡು ಒಂದು ಹೆಜ್ಜೆ ಮುಂದೆ ಬಂದರು. ಗಿಜ್ಜಿಯಾ ಹತ್ತಿರದ ಕಂಬದ ಪಕ್ಕ ಬಿಟ್ಟಿದ್ದ ಸಂದಿಗೆ ಹೊಡೆದ. 2-1.

ಗೋಲಿ ಆಗಿ ನಿಂತವರಿಗೆ ಗೊತ್ತು, ಆ ಹೆಜ್ಜೆ ತಪ್ಪಲ್ಲ. ಹಿಂದಿನ ಸಲ ಏನಾಯಿತೋ ಅದನ್ನು ನೋಡಿ ತೆಗೆದುಕೊಂಡ ತೀರ್ಮಾನ ಅದು. ನಾನೂ ಅದನ್ನೇ ಮಾಡುತ್ತಿದ್ದೆ. ಆದರೆ ಆ ಒಂದು ಹೆಜ್ಜೆಗೆ ಅವರನ್ನು ಸಾಯುವವರೆಗೂ ದೂರಿದರು. ಬ್ರೆಜಿಲ್‌ನಲ್ಲಿ ಅತಿ ದೊಡ್ಡ ಶಿಕ್ಷೆ 30 ವರ್ಷ, ನನಗೆ ಮಾತ್ರ 50 ವರ್ಷವಾದರೂ ಮುಗಿದಿಲ್ಲ ಅಂತ ಅವರು ನೊಂದು ಹೇಳಿದ್ದರು. 2000ದಲ್ಲಿ ತೀರಿಕೊಂಡರು. ಅವರು ಕಪ್ಪು ವರ್ಣದವರು. ಸೋಲಿನ ಹೊರೆಯನ್ನು ತಂಡದ ಕಪ್ಪು ಆಟಗಾರರ ಮೇಲೆಯೇ ಜಾಸ್ತಿ ಹೊರಿಸಿದರು ಅನ್ನುವುದನ್ನೂ ಮರೆಯಬಾರದು.

ಹಳೆಯ ಮರದ ಗೋಲು ಕಂಬಗಳನ್ನು ಬದಲಾಯಿಸಿದಾಗ ಅವುಗಳನ್ನು ಬಾರ್ಬೋಸಾಗೆ ಕೊಟ್ಟರು, ಅವರು ಮನೆಯಲ್ಲಿ ಸೌದೆಯಾಗಿ ಉರಿಸಿ ಮಾಂಸ ಸುಟ್ಟು ಗೆಳೆಯರಿಗೆ ಬಡಿಸಿದರು ಅಂತ ಒಂದು ಕಥೆ ಇದೆ. ನಿಜವೋ ಕಟ್ಟುಕಥೆಯೋ, ನಿಜವಾಗಿರಲಿ ಅಂತಲೇ ನನ್ನ ಆಸೆ.

ಗಿಜ್ಜಿಯಾ ತೀರಿಕೊಂಡದ್ದು 2015ರ ಜುಲೈ 16ರಂದು. ಅದೇ ತಾರೀಖು, ಸರಿಯಾಗಿ 65 ವರ್ಷ. ಆ ಪಂದ್ಯ ಆಡಿದವರಲ್ಲಿ ಬದುಕಿದ್ದ ಕೊನೆಯವರು ಅವರೇ. ಅಷ್ಟು ದುಃಖ ಕೊಟ್ಟವನ ಪಾದದ ಅಚ್ಚನ್ನೂ ಮರಕಾನಾದವರು 2009ರಲ್ಲಿ ಕರೆಸಿ ತೆಗೆದುಕೊಂಡು ಇಟ್ಟಿದ್ದಾರೆ. ಅದು ದೊಡ್ಡ ಮನಸ್ಸು.

ಹಲಸೂರು ಹತ್ತು

ಮೇಡಂ, ಓದಿ ಗಂಟಲು ಕಟ್ಟಿತು. ಆ ಸೋಲಿನ ನಂತರವೇ ಬಿಳಿ ಜೆರ್ಸಿ ಬಿಟ್ಟು ಹಳದಿಗೆ ಹೋದದ್ದು. ನಮ್ಮ ಗೌತಮಪುರದ ಗೋಡೆಗಳ ಮೇಲಿನ ಹಳದಿ ಎಲ್ಲಿಂದ ಬಂತು ಅಂತ ಈಗ ಮಾವನಿಗೆ ಹೇಳಬೇಕು.

ಮಂಡ್ಯ ಮೇಷ್ಟ್ರು

ಎಲ್ಲಾ ಓದಿದೆ. ಒಂದು ಮಾತು ಹೇಳುತ್ತೇನೆ, ಯಾರೂ ಬೇಜಾರಾಗಬೇಡಿ. ನಾನು ಶಾಲೆಯಲ್ಲಿ ಆಟದ ಮೇಷ್ಟ್ರು. ವರ್ಷಕ್ಕೆ ಒಂದೆರಡು ಸಲ ಮಕ್ಕಳನ್ನು ಪಂದ್ಯ ತೋರಿಸಲು ಕರೆದುಕೊಂಡು ಹೋಗುತ್ತೇನೆ. 2 ಲಕ್ಷ ಜನ ಅಂದಾಗ ನಿಮಗೆಲ್ಲಾ ಹೆಮ್ಮೆ ಬರುತ್ತದೆ, ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

1992ರ ಜುಲೈ 19ರಂದು ಅದೇ ಮರಕಾನಾದಲ್ಲಿ ಏನಾಯಿತು? ಫ್ಲಮೆಂಗೊ ಮತ್ತು ಬೊಟಫೊಗೊ ನಡುವೆ ಚಾಂಪಿಯನ್‌ಷಿಪ್ ಪಂದ್ಯ. ಮೇಲಿನ ಗ್ಯಾಲರಿಯ ಕಟಕಟೆ ಮುರಿದು ಜನ ಕೆಳಗಿನ ಸುತ್ತಿಗೆ ಬಿದ್ದರು. 3 ಜನ ಸತ್ತರು, ಎಷ್ಟೋ ಜನ ಗಾಯಗೊಂಡರು. ಜಾಗಕ್ಕಿಂತ ಜಾಸ್ತಿ ಜನ ತುಂಬಿದರೆ ಇದೇ ಆಗುವುದು.

ದೂರ ಯಾಕೆ, 2025ರ ಜೂನ್ 4ರಂದು ನಮ್ಮ ಬೆಂಗಳೂರಿನಲ್ಲೇ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದರು. ಎಲ್ಲಾ ಚಿಕ್ಕ ವಯಸ್ಸಿನವರು. ಅವತ್ತಿನಿಂದ ನಾನು ಯಾವುದೇ ಕ್ರೀಡಾಂಗಣಕ್ಕೆ ಹೋದರೂ ಮೈದಾನ ನೋಡುವ ಮೊದಲು ಗೇಟು ನೋಡುತ್ತೇನೆ. ಹಾಗಾಗಿ ಮರಕಾನಾದಲ್ಲಿ ಜನ ಕಡಿಮೆ ಮಾಡಿ ಕುರ್ಚಿ ಹಾಕಿದ್ದು ಸರಿ ಅಂತಲೇ ನನ್ನ ಮಾತು. ಹಳೆಯದರ ಮೇಲಿನ ಪ್ರೀತಿ ಒಳ್ಳೆಯದೇ, ಆದರೆ ಮಗು ಮನೆಗೆ ವಾಪಸ್ ಬರಬೇಕು.

ಸೆಂಟ್ರಿಂಗ್ ಸಿದ್ದ

ಮೇಷ್ಟ್ರೇ, ನೂರಕ್ಕೆ ನೂರು ಒಪ್ಪುತ್ತೇನೆ. ಕಟಕಟೆ ಅನ್ನುವುದು ಚೆಂದಕ್ಕೆ ಹಾಕುವ ಕಬ್ಬಿಣ ಅಲ್ಲ. ಒಬ್ಬ ಒರಗಿದರೆ ಒಂದು ಭಾರ, ಹಿಂದಿನಿಂದ ಐವತ್ತು ಜನ ತಳ್ಳಿದರೆ ಬೇರೆಯೇ ಭಾರ. ಆ ಎರಡನೆಯದಕ್ಕೇ ಲೆಕ್ಕ ಹಾಕಬೇಕು.

ಆದರೆ ಒಂದನ್ನು ಬೇರೆ ಮಾಡಿ ನೋಡಿ. 1992ರಲ್ಲಿ ಮುರಿದದ್ದು ಮೇಲಿನ ಸುತ್ತು. ಜೆರಾಲ್ ಅಲ್ಲ. ಜೆರಾಲ್ ಮುಚ್ಚಿದ್ದು 2005ರಲ್ಲಿ, ಎಲ್ಲರಿಗೂ ಕುರ್ಚಿ ಇರಬೇಕು ಅನ್ನುವ ಹೊಸ ನಿಯಮಕ್ಕೆ ಕಟ್ಟಡವನ್ನು ಹೊಂದಿಸುವಾಗ.

ರಾಯಚೂರು ಟು ರೈನ್

ನಾನು ಜರ್ಮನಿಯಲ್ಲಿ ಇದ್ದೇನೆ. ನಿಂತು ನೋಡುವುದೇ ಅಪಾಯ ಅನ್ನುವುದಾದರೆ ಇಲ್ಲಿಗೆ ಬಂದು ನೋಡಿ ಮೇಷ್ಟ್ರೇ. ಡಾರ್ಟ್‌ಮಂಡ್ ಕ್ರೀಡಾಂಗಣದ ದಕ್ಷಿಣ ಗ್ಯಾಲರಿಯಲ್ಲಿ 24 ಸಾವಿರಕ್ಕೂ ಜಾಸ್ತಿ ಜನ ಇವತ್ತಿಗೂ ನಿಂತೇ ನೋಡುತ್ತಾರೆ. ಹಳದಿ ಗೋಡೆ ಅಂತಲೇ ಅದಕ್ಕೆ ಹೆಸರು. ಅಲ್ಲಲ್ಲಿ ಸೊಂಟದ ಎತ್ತರಕ್ಕೆ ಗಟ್ಟಿ ಸರಳುಗಳು ಇರುತ್ತವೆ, ಹಾಗಾಗಿ ಹಿಂದಿನ ತಳ್ಳಾಟ ಮುಂದಿನ ಸಾಲಿನವರೆಗೆ ಹೋಗುವುದಿಲ್ಲ. ಎಷ್ಟು ಜನ ಅನ್ನುವುದಕ್ಕೆ ಕಟ್ಟುನಿಟ್ಟಿನ ಲೆಕ್ಕ. ಯೂರೋಪಿನ ಪಂದ್ಯಗಳಿಗೆ ಕುರ್ಚಿ ಜೋಡಿಸುತ್ತಿದ್ದರು, ಮುಗಿದ ಮೇಲೆ ತೆಗೆಯುತ್ತಿದ್ದರು. ಇಂಗ್ಲೆಂಡಿನಲ್ಲೂ 2022ರಿಂದ ಸರಳು ಹಾಕಿದ ಜಾಗದಲ್ಲಿ ನಿಲ್ಲಲು ಮತ್ತೆ ಬಿಟ್ಟಿದ್ದಾರೆ.

ನಾನು ವಿದ್ಯಾರ್ಥಿಯಾಗಿದ್ದಾಗ ಕೈಯಲ್ಲಿ ಕಾಸು ಇರಲಿಲ್ಲ. ನಿಲ್ಲುವ ಟಿಕೆಟ್ ಇದ್ದದ್ದರಿಂದಲೇ ಪಂದ್ಯ ನೋಡಿದೆ. ಪಕ್ಕದಲ್ಲಿ ನಿಂತವರು ಹಾಡು ಕಲಿಸಿದರು. ಆ ಊರು ನನ್ನದೂ ಹೌದು ಅಂತ ಮೊದಲ ಸಲ ಅನ್ನಿಸಿದ್ದು ಅವತ್ತು. ಹಾಗಾಗಿ ಜೆರಾಲ್ ಹೋಯಿತು ಅಂದರೆ ನನಗೆ ನೋವಾಗುತ್ತದೆ. ಕಾಂಕ್ರೀಟ್ ಹೋದದ್ದಕ್ಕಲ್ಲ, ಆ ಟಿಕೆಟ್ ಹೋದದ್ದಕ್ಕೆ.

ಹಳೇ ಪೇಪರ್

ಸರಿಯಾಗಿ ಹೇಳಿದಿರಿ. ರಿಯೋದ ಜನ ಪ್ರೇಕ್ಷಕರಿಗೇ ಎರಡು ಹೆಸರು ಕಟ್ಟಿದ್ದರು. ಮೇಲೆ ಮೆಟ್ಟಿಲ ಮೇಲೆ ಕೂತವರು ಆರ್ಕಿಬಾಲ್ಡೊಗಳು, ಕೆಳಗೆ ನಿಂತವರು ಜೆರಾಲ್ಡಿನೊಗಳು. ಎರಡೂ ಗ್ಯಾಲರಿಗಳ ಹೆಸರಿನಿಂದ ಹುಟ್ಟಿದ ಅಡ್ಡಹೆಸರು. ಜೆರಾಲ್ಡಿನೊ ಅಂದರೆ ಕೂಲಿಯವನು, ಡ್ರೈವರ್, ಅಂಗಡಿ ಹುಡುಗ. ವೇಷ ಹಾಕಿಕೊಂಡು ಬರುವವರು, ಬೋರ್ಡು ಬರೆದುಕೊಂಡು ಬರುವವರು, ಆಟಗಾರನ ಜೊತೆ ಸಾಲಿನುದ್ದಕ್ಕೂ ಓಡುವವರು, ಎಲ್ಲಾ ಅಲ್ಲೇ.

1963ರ ಡಿಸೆಂಬರ್ 15ರಂದು ಫ್ಲಮೆಂಗೊ ಮತ್ತು ಫ್ಲುಮಿನೆನ್ಸ್ ನಡುವಿನ ಪಂದ್ಯಕ್ಕೆ ಬಂದವರು 1,94,603. ಕ್ಲಬ್ ತಂಡಗಳ ಪಂದ್ಯಕ್ಕೆ! ಒಂದೂ ಗೋಲು ಬರಲಿಲ್ಲ. 1969ರ ಆಗಸ್ಟ್ 31ರಂದು ಪರಾಗ್ವೆ ಎದುರಿನ ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಟಿಕೆಟ್ ಕೊಂಡವರೇ 1,83,341. ಅಷ್ಟು ಜನ ಬಂದದ್ದು ಜಾಗ ಇತ್ತು ಅಂತ ಮಾತ್ರ ಅಲ್ಲ. ಕೂಲಿ ಮಾಡುವವನ ಕೈಗೂ ಟಿಕೆಟ್ ಎಟುಕುತ್ತಿತ್ತು.

ಮಂಡ್ಯ ಮೇಷ್ಟ್ರು

ನಿಂತು ನೋಡುವುದಕ್ಕೂ ಭದ್ರವಾದ ದಾರಿ ಇದೆ ಅಂತ ಗೊತ್ತಿರಲಿಲ್ಲ. ಆ ಸರಳಿನ ವಿಷಯ ಒಪ್ಪಿದೆ. ಸಿದ್ದ ಅವರೇ, ಛಾವಣಿ ಯಾಕೆ ಕಿತ್ತರು? ಅಷ್ಟು ಒಳ್ಳೆ ಸಜ್ಜಾ ಅಂದಿರಲ್ಲ?

ಸೆಂಟ್ರಿಂಗ್ ಸಿದ್ದ

ಅದೇ ನನಗೂ ಕಷ್ಟದ ಪ್ರಶ್ನೆ. ಮರಕಾನಾವನ್ನು ಅಲ್ಲಿನ ರಾಷ್ಟ್ರೀಯ ಪರಂಪರೆ ಸಂಸ್ಥೆ 2000ದಲ್ಲಿ ಸಂರಕ್ಷಿತ ಕಟ್ಟಡ ಅಂತ ಪಟ್ಟಿಗೆ ಸೇರಿಸಿತ್ತು. ಹಾಗಿದ್ದೂ 2014ರ ವಿಶ್ವಕಪ್‌ಗೆ ತಯಾರು ಮಾಡುವಾಗ ಹಳೆಯ ಕಾಂಕ್ರೀಟ್ ಛಾವಣಿಯನ್ನು ಪೂರ್ತಿ ಕೆಡವಿದರು. ಕಾಂಕ್ರೀಟ್ ಹಾಳಾಗಿದೆ, ಉಳಿಸಲು ಆಗುವುದಿಲ್ಲ ಅನ್ನುವುದು ಕೊಟ್ಟ ಕಾರಣ. 60 ವರ್ಷ ಸಮುದ್ರದ ಊರಿನ ಗಾಳಿ ತಿಂದ ಕಟ್ಟಡ ಅದು. ಉಪ್ಪು ಗಾಳಿ ಒಳಗಿನ ಕಂಬಿಗೆ ಇಳಿದರೆ ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟ್ ಚಕ್ಕೆ ಚಕ್ಕೆ ಬೀಳುತ್ತದೆ. ಮಂಗಳೂರು ಕಡೆ ಹಳೇ ಮನೆಗಳ ಸಜ್ಜಾ ನೋಡಿದವರಿಗೆ ಇದು ಹೊಸದಲ್ಲ. ಸಂರಕ್ಷಿತ ಕಟ್ಟಡದ ಛಾವಣಿ ಮುಟ್ಟಬಾರದಿತ್ತು ಅಂತ ಅಲ್ಲಿ ದೊಡ್ಡ ವಿರೋಧವೂ ಬಂತು. ದುರಸ್ತಿ ಮಾಡಿ ಉಳಿಸುವ ದಾರಿಯನ್ನು ಕೊನೆಯವರೆಗೂ ಹುಡುಕಬೇಕಿತ್ತು ಅಂತ ನನಗೂ ಅನ್ನಿಸುತ್ತದೆ.

ಹೊಸ ಛಾವಣಿ ಬೇರೆಯೇ ತತ್ವ. ಸೈಕಲ್ ಚಕ್ರವನ್ನು ನೆಲಕ್ಕೆ ಸಮವಾಗಿ ಮಲಗಿಸಿ. ಹೊರಗೆ ರಿಮ್, ನಡುವೆ ಹಬ್, ಎರಡರ ಮಧ್ಯೆ ಬಿಗಿದ ಕಡ್ಡಿ. ಕಡ್ಡಿಗಳು ಒಳಕ್ಕೆ ಎಳೆಯುತ್ತವೆ, ರಿಮ್ ಆ ಒತ್ತಡ ತಡೆದುಕೊಂಡು ನಿಲ್ಲುತ್ತದೆ. ಎಲ್ಲಾ ಕಡೆ ಸಮ ಎಳೆತ ಇದ್ದರೆ ಚಕ್ರ ಗಟ್ಟಿ. ಮರಕಾನಾದಲ್ಲಿ ರಿಮ್ ಅಂದರೆ ಹೊರಗಿನ ಉಕ್ಕಿನ ಬಳೆ, ಕಡ್ಡಿ ಅಂದರೆ ಉಕ್ಕಿನ ಹಗ್ಗಗಳು, ಹಬ್ ಬದಲು ಮೈದಾನದ ಮೇಲೆ ಆಕಾಶ ಕಾಣುವ ದೊಡ್ಡ ತೂತು. ಹಗ್ಗಗಳ ಮೇಲೆ ಗಾಜಿನ ನಾರಿನ ಬಟ್ಟೆ ಬಿಗಿದಿದ್ದಾರೆ, ಮೇಲೆ ನೀರು ಅಂಟದ ಲೇಪ. ಮಾಡಿದವರು ಜರ್ಮನಿಯ ಶ್ಲೈಖ್ ಬೆರ್ಗರ್ಮನ್ ಸಂಸ್ಥೆಯ ಎಂಜಿನಿಯರ್‌ಗಳು. ಹಳೆಯ ಸಜ್ಜಾ ಗ್ಯಾಲರಿಯ ಒಂದು ಭಾಗಕ್ಕೆ ಮಾತ್ರ ನೆರಳು ಕೊಡುತ್ತಿತ್ತು. ಈಗ ಹತ್ತಿರ ಹತ್ತಿರ ಎಲ್ಲಾ ಸೀಟಿಗೂ ನೆರಳು. ಛಾವಣಿಯ ಮಳೆನೀರನ್ನು ಹಿಡಿದು ಶೌಚಾಲಯಕ್ಕೆ ಬಳಸುತ್ತಾರೆ. ಹೊರಗೋಡೆಯ ಹಳೆಯ ಕಂಬಗಳನ್ನು ಉಳಿಸಿಕೊಂಡರು, ಒಳಗಿನ ಕೆಳಸುತ್ತನ್ನು ಒಡೆದು ಸರಿಯಾದ ಏರು ಕೊಟ್ಟು ಮತ್ತೆ ಕಟ್ಟಿದರು. ಹತ್ತು ಅವರು ಕಂಡ ಆ ಮುಂದಿನ ಸಾಲಿನಿಂದ ಈಗ ದೂರದ ಗೋಲೂ ಕಾಣುತ್ತದೆ.

ಕೆಲಸ ಅಂತ ನೋಡಿದರೆ ತುಂಬಾ ಒಳ್ಳೆ ಕೆಲಸ. ಆದರೆ ಹೊರಗಿನಿಂದ ಅದೇ ಮನೆ, ಒಳಗೆ ಬೇರೆ ಮನೆ.

ಹಳೇ ಪೇಪರ್

ಆ ಕೆಲಸಕ್ಕೆ ಆದ ಖರ್ಚು ಅಲ್ಲಿನ ಹಣದಲ್ಲಿ 100 ಕೋಟಿ ರಿಯಲ್‌ಗೂ ಜಾಸ್ತಿ. ಲಂಚದ ಮೊಕದ್ದಮೆಯೂ ಆಯಿತು, ಕೆಲಸ ಮಾಡಿಸಿದ ಕಾಲದ ಗವರ್ನರ್ 2016ರಲ್ಲಿ ಜೈಲಿಗೆ ಹೋದರು.

ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. ಕ್ರೀಡಾಂಗಣದ ಪಕ್ಕದಲ್ಲೇ ಒಂದು ಹಳೆಯ ಬಂಗಲೆ. 1953ರಿಂದ 1977ರವರೆಗೆ ಅದು ಮೂಲನಿವಾಸಿಗಳ ವಸ್ತುಸಂಗ್ರಹಾಲಯ. ಆಮೇಲೆ ಪಾಳುಬಿದ್ದಿತ್ತು. 2006ರಲ್ಲಿ ಬೇರೆ ಬೇರೆ ಬುಡಕಟ್ಟಿನವರು ಬಂದು ಅಲ್ಲಿ ನೆಲೆಸಿದರು, ಮರಕಾನಾ ಹಳ್ಳಿ ಅಂತ ಕರೆದುಕೊಂಡರು. ವಿಶ್ವಕಪ್ ಕೆಲಸಕ್ಕೆ ಅದನ್ನು ಕೆಡವುವ ಮಾತು ಬಂತು. 2013ರ ಮಾರ್ಚ್‌ನಲ್ಲಿ ಪೊಲೀಸರು ಬಂದು ಅವರನ್ನು ಹೊರಗೆ ಹಾಕಿದರು. ಗಲಾಟೆ ಜೋರಾದ ಮೇಲೆ ಬಂಗಲೆ ಮಾತ್ರ ಉಳಿಯಿತು. ಪಕ್ಕದ ಸರಕಾರಿ ಶಾಲೆಯನ್ನೂ ಕೆಡವಬೇಕು ಅಂತಿತ್ತು. ತಂದೆತಾಯಿ, ಮಕ್ಕಳು ಸೇರಿ ಹೋರಾಡಿ ಉಳಿಸಿಕೊಂಡರು. ಆ ಶಾಲೆಯ ಹೆಸರು ಫ್ರೀಡನ್‌ರೈಖ್, ಬ್ರೆಜಿಲ್‌ನ ಮೊದಲ ದೊಡ್ಡ ಫುಟ್‌ಬಾಲ್ ತಾರೆಯ ಹೆಸರು!

ಕ್ರೀಡಾಂಗಣದ ಹೆಸರು ತುಪಿ ಮಾತು. ಆ ಹೆಸರು ಕೊಟ್ಟ ಮೂಲನಿವಾಸಿಗಳಿಗೇ ಪಕ್ಕದಲ್ಲಿ ಜಾಗ ಇಲ್ಲ ಅಂದರು. ಇದನ್ನು ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ.

ರಾಯಚೂರು ಟು ರೈನ್

ಇಷ್ಟೆಲ್ಲಾ ಮಾಡಿದ ಮೇಲೆ 2014ರಲ್ಲಿ ಬ್ರೆಜಿಲ್ ಅಲ್ಲಿ ಒಂದೂ ಪಂದ್ಯ ಆಡಲಿಲ್ಲ ಅನ್ನುವುದು ನೆನಪಿದೆಯಾ? ಫೈನಲ್‌ಗೆ ಬಂದರೆ ಮಾತ್ರ ಮರಕಾನಾ ಅಂತಿತ್ತು. ಸೆಮಿಫೈನಲ್‌ನಲ್ಲಿ ಬೆಲೊ ಹೊರಿಜಾಂಟೆಯಲ್ಲಿ ಜರ್ಮನಿ ಎದುರು 7-1ರ ಸೋಲು. ಮರಕಾನಾದಲ್ಲಿ ಕಪ್ ಎತ್ತಿದ್ದು ಜರ್ಮನಿ, ಅರ್ಜೆಂಟೀನಾ ಎದುರು 113ನೇ ನಿಮಿಷದ ಗೋಲಿನಿಂದ.

ಹಲಸೂರು ಹತ್ತು

ನೆನಪಿಲ್ಲದೆ ಏನು ಅಣ್ಣ! ಅವತ್ತು ರಾತ್ರಿ ನಮ್ಮ ಬೀದಿಯಲ್ಲಿ ಒಬ್ಬರೂ ಮಾತಾಡಲಿಲ್ಲ. ಆದರೆ 2016ರ ಆಗಸ್ಟ್ 20ನ್ನೂ ಬರೆಯಬೇಕು. ಒಲಿಂಪಿಕ್ಸ್ ಫೈನಲ್, ಅದೇ ಮರಕಾನಾ, ಅದೇ ಜರ್ಮನಿ. ಪೆನಾಲ್ಟಿಗೆ ಹೋಯಿತು. ಕೊನೆಯದನ್ನು ನೇಮರ್ ಹೊಡೆದ, ಮೊಣಕಾಲೂರಿ ಅತ್ತ. ಬ್ರೆಜಿಲ್‌ಗೆ ಒಲಿಂಪಿಕ್ಸ್ ಫುಟ್‌ಬಾಲ್‌ನ ಮೊದಲ ಚಿನ್ನ. ನಮ್ಮಲ್ಲಿ ಬೆಳಗಿನ ಜಾವ. ಮಾವ ಪಟಾಕಿ ಹಚ್ಚಿದರು, ಅಕ್ಕಪಕ್ಕದವರೂ ಎದ್ದು ಬಂದರು.

ಈ ಸಲ ವಾಪಸ್ ಬಂದು ಮಾವನಿಗೆ ಫೋಟೊ ತೋರಿಸಿದೆ. ಛಾವಣಿ ನೋಡಿದರು, ಕುರ್ಚಿ ನೋಡಿದರು. ಆ ಹಿರಿಯರ ಮಾತು ಹೇಳಿದಾಗ ಮಾತ್ರ ಫೋನ್ ಕೆಳಗಿಟ್ಟು, "ಆ ಟಿಕೆಟ್ ಈಗ ಎಷ್ಟು?" ಅಂತ ಕೇಳಿದರು. ಈಗ ಅಂಥ ಟಿಕೆಟ್ಟೇ ಇಲ್ಲ ಅಂದೆ. ಸುಮ್ಮನಾದರು.

ಚರ್ಚೆ ಓದಿದ ಮೇಲೆ ನನ್ನ ಮನಸ್ಸು ಸ್ವಲ್ಪ ಸ್ಪಷ್ಟವಾಗಿದೆ. ಕಟಕಟೆ ಗಟ್ಟಿ ಮಾಡಿದ್ದು ಸರಿ. ಜನರ ಸಂಖ್ಯೆ ಇಳಿಸಿದ್ದೂ ಸರಿ. ಛಾವಣಿಯ ಬಗ್ಗೆ ಸಿದ್ದ ಅವರಿಗಿರುವ ಸಂಕಟವೇ ನನಗೂ ಇದೆ. ಆದರೆ ಹುಲ್ಲಿನ ಪಕ್ಕದ ಜಾಗವನ್ನು ಬಡವರಿಂದ ತೆಗೆದುಕೊಂಡಾಗ ಅವರಿಗೆ ಬೇರೆ ಜಾಗ ಕೊಡಲಿಲ್ಲ. ಅದನ್ನು ಮಾತ್ರ ನಾನು ಒಪ್ಪಲಾರೆ. ಸರಳು ಹಾಕಿ, ಲೆಕ್ಕ ಹಾಕಿ, ಹತ್ತು ಸಾವಿರ ಜನಕ್ಕಾದರೂ ಬಿಡಬಹುದಿತ್ತು.

ಮಂಡ್ಯ ಮೇಷ್ಟ್ರು

ಹತ್ತು ಅವರೇ, ನಿಮ್ಮ ಮಾತು ಓದಿ ನನ್ನದೇ ಒಂದು ವಿಷಯ ಹೇಳಬೇಕು ಅನ್ನಿಸಿತು. ನಮ್ಮ ಕಡೆಯ ಒಂದು ಮೈದಾನಕ್ಕೆ ಸಣ್ಣ ಗ್ಯಾಲರಿ ಕಟ್ಟುವ ಮಾತು ನಡೆದಿದೆ. ದಾನಿಗಳು ಮುಂದೆ ಬಂದಿದ್ದಾರೆ. ನಕ್ಷೆಯಲ್ಲಿ ಸಾಲಿನ ಪಕ್ಕದಲ್ಲೇ ಶಾಮಿಯಾನ, ಗಣ್ಯರಿಗೆ ಸೋಫಾ. ಮಕ್ಕಳಿಗೆ ಜಾಗ ಗೋಲಿನ ಹಿಂದೆ, ಮೂಲೆಯಲ್ಲಿ, ಬಿಸಿಲಿಗೆ. ಇಷ್ಟು ದಿನ ಅದು ನನಗೆ ತಪ್ಪು ಅಂತಲೇ ಅನ್ನಿಸಿರಲಿಲ್ಲ. ಎಲ್ಲಾ ಕಡೆ ಹಾಗೇ ಅಲ್ವಾ. ಮುಂದಿನ ವಾರ ಸಭೆ ಇದೆ. ಮಕ್ಕಳನ್ನು ಮುಂದೆ ಕೂರಿಸಿ, ಸೋಫಾ ಮೇಲೆ ಹಾಕಿ ಅಂತ ಕೇಳುವವನಿದ್ದೇನೆ. ಸಿದ್ದ ಅವರೇ, ಮಕ್ಕಳಿಗೆ ಕಾಣಬೇಕು, ಬೀಳಬಾರದು. ಏನು ಕೇಳಬೇಕು ನಾನು?

ಸೆಂಟ್ರಿಂಗ್ ಸಿದ್ದ

ಮೇಷ್ಟ್ರೇ, ಖಂಡಿತಾ ಕೇಳಿ. ಸಭೆಗೆ ಮೊದಲು ಟೇಪ್ ಹಿಡಿದು ಮೂರು ಅಳತೆ ಕಳಿಸಿ. ಮೈದಾನದ ಬಿಳಿ ಗೆರೆಯಿಂದ ಮೊದಲ ಮೆಟ್ಟಿಲಿಗೆ ಎಷ್ಟು ದೂರ. ನಿಮ್ಮ ಐದನೇ ಕ್ಲಾಸ್ ಮಗು ಕೂತಾಗ ನೆಲದಿಂದ ಅದರ ಕಣ್ಣಿಗೆ ಎಷ್ಟು ಎತ್ತರ. ಗೇಟು ಎಷ್ಟು ಅಗಲ, ಹೊರಕ್ಕೆ ತೆರೆಯುತ್ತದೋ ಒಳಕ್ಕೋ. ನಕ್ಷೆಯಲ್ಲಿ ಒಂದೇ ಗೇಟು ಇದ್ದರೆ ಎರಡನೆಯದನ್ನು ಮೊದಲೇ ಕೇಳಿಬಿಡಿ. ಕಟಕಟೆಗೆ ಪೈಪು ಎಷ್ಟು ದಪ್ಪ, ಬುಡದಲ್ಲಿ ಹೇಗೆ ಕೂರಿಸುತ್ತಾರೆ ಅನ್ನುವುದನ್ನೂ ಬರೆದುಕೊಳ್ಳಿ. ಭಾನುವಾರ ಕೂತು ಮೆಟ್ಟಿಲ ಏರು ಲೆಕ್ಕ ಹಾಕಿ ಕೈಯಲ್ಲೇ ಒಂದು ನಕ್ಷೆ ಬರೆದು ಕೊಡುತ್ತೇನೆ.

ಉಳ್ಳಾಲದ ಗಾಳಿ

ಮೇಷ್ಟ್ರೇ, ಗೋಲಿನ ಹಿಂದೆಯೂ ಒಂದು ಸಾಲು ಮಕ್ಕಳಿಗೇ ಇರಲಿ, ಆದರೆ ನೆರಳು ಹಾಕಿಸಿ. ಬಲೆಯ ಹಿಂದೆ ನಿಂತು ನೋಡಿಯೇ ನಾನು ಗೋಲಿ ಆದದ್ದು.